‘ರೂಮ್ ಟೋನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದಕ್ಕೆ ನಿಮ್ಮ ನೆರವು ಬೇಕು.

ನಮ್ಮೂರಿನ ಸಮುದಾಯ ಭವನದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೂ ಕಾಲೇಜು ಹುಡುಗರಿಗೂ ವಿಡಿಯೋ ಮಾಡುವುದನ್ನು ಕಲಿಸುತ್ತಿದ್ದೇವೆ. ಕೈಯಲ್ಲಿರುವ ಮೊಬೈಲು, ಒಂದು ಕಾಲರ್ ಮೈಕು, ಎಡಿಟಿಂಗಿಗೆ ಒಂದು ಹಳೇ ಲ್ಯಾಪ್‌ಟಾಪು. ಶಾಟ್, ಫ್ರೇಮ್, ಫೋಕಸ್, ಕಟ್ ಇವಕ್ಕೆಲ್ಲ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ. ಎಲ್ಲರ ಬಾಯಲ್ಲೂ ಆಗಲೇ ಇವೆ. ತೊಡಕಾಗಿರುವುದು ‘ರೂಮ್ ಟೋನ್’ ಒಂದೇ.

ರೂಮ್ ಟೋನ್ ಅಂದರೆ ಇಷ್ಟೇ: ಸಂದರ್ಶನ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಮೈಕಿನಲ್ಲಿ, ಯಾರೂ ಮಾತಾಡದೆ ಅರ್ಧ ನಿಮಿಷವೋ ಒಂದು ನಿಮಿಷವೋ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎಡಿಟ್ ಮಾಡುವಾಗ ನಡುವಿನ ಕೆಮ್ಮನ್ನು ಅಳಿಸಿದರೆ ಹಿನ್ನೆಲೆಯ ಸದ್ದೂ ಅಲ್ಲಿ ಫಕ್ಕನೆ ನಿಂತುಬಿಡುತ್ತದೆ. ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ. ಆ ಖಾಲಿ ಜಾಗಕ್ಕೆ ತುಂಬುವುದು ಈ ರೆಕಾರ್ಡಿಂಗನ್ನೇ.

ಇದಕ್ಕೆ ನಮ್ಮಲ್ಲಿ ‘ಮೌನ’ ಅನ್ನುತ್ತಿದ್ದರು. “ಈಗ ಮೌನ ರೆಕಾರ್ಡ್ ಮಾಡ್ಕೊಳ್ಳಿ” ಅಂದಾಗ ಒಬ್ಬ ಅಕ್ಕ ಎದ್ದು ಹೋಗಿ ಫ್ಯಾನ್ ಆಫ್ ಮಾಡಿ, ಕಿಟಕಿಯನ್ನೂ ಮುಚ್ಚಿ ಬಂದರು. ಮೌನ ಅಂದರೆ ಸದ್ದೇ ಇರಬಾರದು ಅಂತ ತಾನೇ? ಆದರೆ ಸಂದರ್ಶನದ ಉದ್ದಕ್ಕೂ ತಿರುಗುತ್ತಿದ್ದ ಆ ಫ್ಯಾನಿನ ಗುಂಯ್ ಸದ್ದೇ ಬೇಕಾಗಿತ್ತು. ‘ನಿಶ್ಶಬ್ದ’ಕ್ಕೂ ಇದೇ ತೊಂದರೆ.

‘ಶ್ರುತಿ’ ಅನ್ನಬಹುದೇ ಎಂದು ಯೋಚಿಸಿದೆ. ಹಾಡಿನ ಅಡಿಯಲ್ಲಿ ತಂಬೂರಿ ಬಿಡದೆ ನುಡಿಯುವಂತೆ ಮಾತಿನ ಅಡಿಯಲ್ಲಿ ಇದೂ ಇರುತ್ತದೆ. ಆದರೆ ಶ್ರುತಿಗೆ ಗೊತ್ತಾದ ಸ್ವರ ಉಂಟು, ಸಂಗೀತ ಬಲ್ಲವರು ಒಪ್ಪಲಾರರು. ಒಬ್ಬ ಹುಡುಗ ತಾನಾಗಿಯೇ ‘ಜಾಗದ ಸದ್ದು’ ಅಂದ. ನನಗೆ ಇದೇ ಜಾಸ್ತಿ ಹಿಡಿಸಿತು. ಕೇಳಿದ ಕೂಡಲೇ ಏನು ಮಾಡಬೇಕೆಂದು ತಿಳಿಯುತ್ತದೆ.

ಕಲಿಯುವವರೇ ಹೆಸರಿಟ್ಟರೆ ಪದ ನಿಲ್ಲುತ್ತದೆ ಅನ್ನುವುದಕ್ಕೆ ಬೀದರಿನ ಪಕ್ಕದ ಜಹೀರಾಬಾದ್ ಕಡೆ ಒಳ್ಳೆಯ ಉದಾಹರಣೆ ಇದೆ. ಅಲ್ಲಿನ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ವಿಡಿಯೋ ಕಲಿತ ದಲಿತ ಹೆಂಗಸರು ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಇಟ್ಟು ತೆಗೆಯುವುದನ್ನು ‘ಸಂಘಂ ಶಾಟ್’ ಅಂದರು. ಸಂಘದಲ್ಲಿ ಎಲ್ಲರೂ ಸರಿಸಮ ಅಲ್ವಾ, ಅದಕ್ಕೆ. ಮೇಲಿಂದ, ಕೆಳಗಿಂದ ನೋಡುವ ಶಾಟ್‌ಗಳಿಗೆ ಪಟೇಲನ, ಜೀತದಾಳಿನ ಹೆಸರು ಬಂತು. ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು.

ಈಗ ನನ್ನ ಪ್ರಶ್ನೆ. ಧಾರವಾಡ ಕಡೆ ಎಲ್ಲ ಬಗೆಯ ಸದ್ದಿಗೂ ‘ಸಪ್ಪಳ’ ಅನ್ನುವುದನ್ನು ಕೇಳಿದ್ದೇನೆ. ನಮ್ಮ ಕಡೆ ಸಪ್ಪಳ ಅಂದರೆ ಹೆಜ್ಜೆಯದು, ಪಾತ್ರೆಯದು, ಬಂದು ಹೋಗುವಂಥದ್ದು. ಬಿಡದೆ ಇರುವ ಫ್ಯಾನಿನ ಸದ್ದಿಗೂ ನೀವು ಸಪ್ಪಳ ಅನ್ನುತ್ತೀರಾ? ಕರಾವಳಿ, ಮಲೆನಾಡಿನವರು ಏನನ್ನುತ್ತೀರಿ? ಸಿನಿಮಾ, ಆಕಾಶವಾಣಿಗಳಲ್ಲಿ ಧ್ವನಿಮುದ್ರಣ ಮಾಡಿದವರಿದ್ದರೆ, ಕೆಲಸದ ನಡುವೆ ಇದಕ್ಕೆ ಬಾಯಲ್ಲಿ ಬರುತ್ತಿದ್ದ ಪದ ಯಾವುದು ಅಂತ ದಯವಿಟ್ಟು ತಿಳಿಸಿ.