ಅಮೆರಿಕದ ಮಿಲಿಟರಿ ಅಕಾಡೆಮಿ, ಹೈಸ್ಕೂಲ್ ಮಕ್ಕಳ ಸಮ್ಮರ್ ಪ್ರೋಗ್ರಾಂ: ಕೌನ್ಸೆಲರ್‌ಗೆ ಕೇಳಿ

ಎಲ್ರಿಗೂ ನಮಸ್ಕಾರ. ನಾನು ವರ್ಜೀನಿಯಾದಲ್ಲಿ ಒಂದು ಪಬ್ಲಿಕ್ ಹೈಸ್ಕೂಲಲ್ಲಿ ಕೌನ್ಸೆಲರ್, ಊರು ಮೈಸೂರು. ನಮ್ಮ ಕಡೆ ನೇವಿ ಆರ್ಮಿ ಕುಟುಂಬಗಳು ಜಾಸ್ತಿ ಇರೋದ್ರಿಂದ ಪ್ರತಿ ವರ್ಷ ಅಕಾಡೆಮಿಗೆ, ಅಂದ್ರೆ ಸೇನಾಧಿಕಾರಿ ಆಗೋರಿಗೆ ಡಿಗ್ರಿ ಓದಿಸೋ ಸರ್ಕಾರಿ ಕಾಲೇಜಿಗೆ, ಅಪ್ಲೈ ಮಾಡೋ ಮಕ್ಕಳ ಫೈಲು ನನ್ನ ಟೇಬಲ್ ಮೇಲೆ ಬರುತ್ತೆ. ಈಚೆಗೆ ನಮ್ಮ ಕನ್ನಡದ ಮಕ್ಕಳೂ ಕೇಳ್ತಾ ಇದಾರೆ, ಅಡ್ಮಿನ್ ಒಂದು ಥ್ರೆಡ್ ಮಾಡಿ ಅಂದ್ರು, ಕೇಳಿ.

ಪ್ರಶ್ನೆ (ನಾರ್ತ್ ಕೆರೊಲಿನಾ, ತಂದೆ): ಮೇಡಂ, ಮಗ ಈಗ 11ನೇ ಕ್ಲಾಸು, ಎರಡು ವರ್ಷದಿಂದ ವೆಸ್ಟ್ ಪಾಯಿಂಟ್ ಅಂತ ಒಂದೇ ಜಪ. ನಮ್ಮ ಮನೆತನದಲ್ಲಿ ಯಾರೂ ಆರ್ಮಿ ಕಡೆ ತಲೆ ಹಾಕಿ ಮಲಗಿದೋರಲ್ಲ, ನಮಗೆ ತಲೆ ಬುಡ ಗೊತ್ತಿಲ್ಲ. ಬೇಸಿಗೇಲಿ ಒಂದು ವಾರ ಕರೀತಾರಂತೆ, ಅದಕ್ಕೆ ಹೋದ್ರೆ ಸೀಟು ಸಿಗೋದು ಸುಲಭ ಆಗುತ್ತಾ? ದುಡ್ಡು ಎಷ್ಟು?

ಉತ್ತರ: ಸರ್, ಮೊದಲು ಇದನ್ನ ಗಟ್ಟಿ ಮಾಡ್ಕೊಳಿ, ಈ ಪ್ರೋಗ್ರಾಂ ಇರೋದು ಸೀಟು ಹಂಚೋಕಲ್ಲ, ಈ ಬದುಕು ನನಗೆ ಬೇಕಾ ಬೇಡ್ವಾ ಅಂತ ಮಗು ತಾನೇ ನೋಡ್ಕೊಳೋಕೆ. ಹೋಗ್ಬಂದ ಮಕ್ಕಳಿಗೆ ಸೀಟು ಸಿಕ್ಕಿಲ್ಲ, ಹೋಗದೇ ಇರೋ ಮಕ್ಕಳಿಗೆ ಸಿಕ್ಕಿದೆ, ಎರಡೂ ನಾನು ನೋಡಿದೀನಿ.

ಅಕಾಡೆಮಿ ಒಟ್ಟು ಐದು. ಆರ್ಮಿದು ವೆಸ್ಟ್ ಪಾಯಿಂಟ್, ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿ ದಡದಲ್ಲಿ, 1802ರದ್ದು. ನೇವಿದು ಮೇರಿಲ್ಯಾಂಡಿನ ಅನಾಪೊಲಿಸ್, 1845ರದ್ದು. ಏರ್ ಫೋರ್ಸಿಂದು ಕೊಲರಾಡೊ ಸ್ಪ್ರಿಂಗ್ಸ್, ಕೋಸ್ಟ್ ಗಾರ್ಡಿಂದು ಕನೆಕ್ಟಿಕಟ್‌ನ ನ್ಯೂ ಲಂಡನ್, ಮರ್ಚೆಂಟ್ ಮರೀನ್, ಅಂದ್ರೆ ಸರಕು ಹಡಗಿನವರದ್ದು, ಕಿಂಗ್ಸ್ ಪಾಯಿಂಟ್. ವೆಸ್ಟ್ ಪಾಯಿಂಟ್‌ನವರ ಬೇಸಿಗೆ ವಾರಕ್ಕೆ ಸಮ್ಮರ್ ಲೀಡರ್ಸ್ ಎಕ್ಸ್‌ಪೀರಿಯೆನ್ಸ್ ಅಂತಾರೆ, ನೇವಿ ಮತ್ತು ಏರ್ ಫೋರ್ಸ್‌ನವರು ಸಮ್ಮರ್ ಸೆಮಿನಾರ್ ಅಂತಾರೆ, ಕೋಸ್ಟ್ ಗಾರ್ಡ್‌ನವರದ್ದು ಏಮ್. ಎಲ್ಲವೂ ಮುಖ್ಯವಾಗಿ 11 ಮುಗಿಸಿ 12ಕ್ಕೆ ಹೋಗೋ ಬೇಸಿಗೇಲಿ, ಹೆಚ್ಚುಕಮ್ಮಿ ಒಂದು ವಾರ. ಅರ್ಜಿ ತೆಗೆಯೋದು ಅದಕ್ಕೂ ಮೊದಲಿನ ಚಳಿಗಾಲದಲ್ಲಿ, ಜನವರಿ ಆಸುಪಾಸು, ಅಂದ್ರೆ ನಿಮ್ಮ ಮಗನಿಗೆ ಟೈಮ್ ಬಂದೇಬಿಡ್ತು. ಒಂದೊಂದು ಅಕಾಡೆಮಿದೂ ಕಡೇ ದಿನ ಬೇರೆ ಬೇರೆ, ಅವರವರ ವೆಬ್‌ಸೈಟಲ್ಲೇ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬ್ಕೊಂಡು ಕೂರಬೇಡಿ.

ಫೀಸು ಕೆಲವು ನೂರು ಡಾಲರ್, ಹೋಗಿ ಬರೋ ಖರ್ಚು ನಿಮ್ಮದು. ಆಮೇಲೆ ಅಕಾಡೆಮಿಗೆ ಸೇರಿದ್ರೆ (ಮರ್ಚೆಂಟ್ ಮರೀನ್ ನಿಯಮ ಸ್ವಲ್ಪ ಬೇರೆ) ನಾಲ್ಕು ವರ್ಷ ಟ್ಯೂಷನ್ ಇಲ್ಲ, ಊಟ ವಸತಿ ಅವರದ್ದೇ, ತಿಂಗಳಿಗೆ ಸ್ವಲ್ಪ ಸಂಬಳಾನೂ ಇರುತ್ತೆ, ಬದಲಿಗೆ ಡಿಗ್ರಿ ಆದ್ಮೇಲೆ ಕಡಿಮೆ ಅಂದ್ರೆ ಐದು ವರ್ಷ ಸರ್ವಿಸ್. ಮೊದಲ ಎರಡು ವರ್ಷದೊಳಗೆ ಬೇಡ ಅಂತ ಬಿಟ್ಟು ಬಂದ್ರೆ ಆ ಋಣ ಇರಲ್ಲ, ಮೂರನೇ ವರ್ಷದ ಕ್ಲಾಸು ಶುರು ಆದ್ಮೇಲೆ ಇರುತ್ತೆ. ಇದನ್ನ ಮನೇಲಿ ಅಜ್ಜಿ ತಾತಂದ್ರಿಗೂ ಹೇಳಿ, ಎಷ್ಟೋ ಮನೇಲಿ ಭಯ ಇರೋದೇ ಇಲ್ಲಿ.

ಹೋದ್ರೆ ಲಾಭ ಇಲ್ವಾ ಅಂದ್ರೆ ಇದೆ. ನೇವಿ ಸೆಮಿನಾರ್‌ಗೆ ಹಾಕೋ ಅರ್ಜಿನೇ ಮುಂದಿನ ವರ್ಷದ ಅಡ್ಮಿಷನ್‌ಗೆ ಪ್ರಾಥಮಿಕ ಅರ್ಜಿ ಆಗುತ್ತೆ, ಹಾಗಾಗಿ ಆಯ್ಕೆ ಆಗ್ಲಿ ಬಿಡ್ಲಿ ಫೈಲ್ ಅಂತೂ ಓಪನ್ ಆಗಿರುತ್ತೆ.

ಪ್ರಶ್ನೆ (ನ್ಯೂಜೆರ್ಸಿ, ತಾಯಿ): ಅಕ್ಕಾ, ನನ್ನ ಮಗಳು 10ನೇ ಕ್ಲಾಸು, ಕೋಸ್ಟ್ ಗಾರ್ಡ್ ಇಲ್ಲಾ ನೇವಿ ಅಂತಾಳೆ. ಆ ಒಂದು ವಾರ ಏನ್ ಮಾಡಿಸ್ತಾರೆ? ಕಿರುಚಾಡ್ತಾರಂತೆ ನಿಜಾನಾ? ನಾವು ಶುದ್ಧ ಸಸ್ಯಾಹಾರಿ, ಅವಳು ಮೊಟ್ಟೆನೂ ತಿನ್ನಲ್ಲ, ಊಟದ್ದೇ ನನಗೆ ದೊಡ್ಡ ಚಿಂತೆ.

ಉತ್ತರ: ಕಿರುಚೋದು ನಿಜ ಕಣಮ್ಮ, ಆದ್ರೆ ಎಲ್ಲಾ ಕಡೆ ಒಂದೇ ಥರ ಅಲ್ಲ. ವೆಸ್ಟ್ ಪಾಯಿಂಟ್, ಏರ್ ಫೋರ್ಸ್ ವಾರಗಳಲ್ಲಿ ಕ್ಲಾಸು, ಲ್ಯಾಬು, ಕ್ರೀಡೆ, ಕೆಡೆಟ್‌ಗಳ ಜೊತೆ ಮಾತುಕತೆ ಹೆಚ್ಚು. ಕೋಸ್ಟ್ ಗಾರ್ಡ್ ಏಮ್ ಮಾತ್ರ ಅಲ್ಲಿನ ಮೊದಲ ಬೇಸಿಗೆ ತರಬೇತಿ ಇರುತ್ತಲ್ಲ, ಸ್ವಾಬ್ ಸಮ್ಮರ್, ಅದರ ರುಚಿ ತೋರಿಸೋ ಹಾಗೆ ಮಾಡಿದಾರೆ. ನನ್ನ ಸ್ಟೂಡೆಂಟ್ ಒಬ್ಳು ಹೋಗ್ಬಂದು ಹೇಳಿದ್ಳು, ಬಸ್ ಇಳಿದ ಕೂಡ್ಲೇ ಶುರು, ಕಣ್ಣು ನೇರ ಮುಂದಕ್ಕೆ, ಅದಕ್ಕೆ ಅಲ್ಲಿ 'ಐಸ್ ಇನ್ ದ ಬೋಟ್' ಅಂತಾರೆ, ಊಟದ ಟೇಬಲ್ಲಲ್ಲೂ ಅಷ್ಟೇ, ತಟ್ಟೆ ನೋಡದೇ ಚಮಚ ಬಾಯಿಗೆ ತರಬೇಕು, ಮೊದಲ ರಾತ್ರಿ ಅತ್ತಳಂತೆ, ವಾರ ಮುಗಿಯೋ ಹೊತ್ತಿಗೆ ಇದೇ ನನ್ನ ಜಾಗ ಅನ್ನಿಸ್ತಂತೆ. ಅವಳ ಜೊತೆ ಹೋದ ಇನ್ನೊಬ್ಬ ಹುಡುಗ ವಾಪಸ್ ಬಂದು, ಮ್ಯಾಮ್ ಇದು ನನ್ನ ಕೈಲಿ ಆಗಲ್ಲ, ಇಂಜಿನಿಯರಿಂಗ್ ಓದ್ತೀನಿ ಅಂದ. ಇಬ್ಬರಿಗೂ ಆ ವಾರ ಪೂರ್ತಿ ಉಪಯೋಗಕ್ಕೆ ಬಂತು ಅಂತಲೇ ನಾನು ಹೇಳೋದು.

ಅನಾಪೊಲಿಸ್‌ನಲ್ಲಿ ಮೊದಲ ವರ್ಷದವರು ಕೇಳಿದ್ದಕ್ಕೆ ಕೊಡಬಹುದಾದ ಉತ್ತರಗಳೇ ಇಷ್ಟು ಅಂತ ಇದೆ, ಐದೇ. ಅದರಲ್ಲಿ ಒಂದು 'ನೋ ಎಕ್ಸ್‌ಕ್ಯೂಸ್, ಸರ್'. ಲೇಟ್ ಆಗಿದ್ದಕ್ಕೆ ಕಾರಣ ಎಷ್ಟೇ ನ್ಯಾಯವಾಗಿದ್ರೂ ಬಾಯಿಗೆ ಬರಬೇಕಾದ್ದು ಅದೊಂದೇ. ಮನೇಲಿ ಎಲ್ಲದಕ್ಕೂ ಅಮ್ಮ ಎಬ್ಬಿಸ್ಲಿಲ್ಲ ಅನ್ನೋ ಮಕ್ಕಳಿಗೆ ಇದು ಶುರೂನಲ್ಲಿ ಬಹಳ ಕಷ್ಟ.

ಕೊಲರಾಡೊಗೆ ಹೋಗೋರು ಎತ್ತರ ನೆನಪಿಟ್ಕೊಳಿ, ಆ ಕ್ಯಾಂಪಸ್ 7,200 ಅಡಿಗೂ ಮೇಲೆ, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಎತ್ತರ, ಅಲ್ಲಿ ಓಡೋದು ಬೇರೆನೇ. ನೀರು ಕುಡೀತಾ ಇರಬೇಕು.

ಊಟಕ್ಕೆ ಚಿಂತೆ ಬೇಡ, ಸಸ್ಯಾಹಾರ ಇರುತ್ತೆ, ಆದ್ರೆ ಅರ್ಜಿ ಮತ್ತು ಮೆಡಿಕಲ್ ಫಾರಂನಲ್ಲಿ ಮೊದಲೇ ಬರೀರಿ, ಮೊಟ್ಟೆ ಇಲ್ಲ ಅನ್ನೋದನ್ನ ಬಿಡಿಸಿ ಬರೀರಿ, ಬರೀ ವೆಜಿಟೇರಿಯನ್ ಅಂದ್ರೆ ಇಲ್ಲಿ ಮೊಟ್ಟೆ ಸೇರಿಸಿನೇ ಅರ್ಥ ಮಾಡ್ಕೋತಾರೆ. ವೆರೈಟಿ ಇರಲ್ಲ, ಒಂದು ವಾರ ಪಾಸ್ತಾ, ಬೀನ್ಸ್, ಸಲಾಡ್, ಪೀನಟ್ ಬಟರ್ ತಿಂದು ಇರೋಕೆ ರೆಡಿ ಇರ್ಲಿ. ಹುಡುಗಿ ಅನ್ನೋ ಹೆದರಿಕೆನೂ ಬೇಡ, 1976ರಿಂದ ವೆಸ್ಟ್ ಪಾಯಿಂಟ್, ಅನಾಪೊಲಿಸ್, ಕೊಲರಾಡೊ, ನ್ಯೂ ಲಂಡನ್ ನಾಲ್ಕೂ ಕಡೆ ಹುಡುಗೀರನ್ನ ತಗೋತಾ ಇದಾರೆ.

ಪ್ರಶ್ನೆ (ಟೆಕ್ಸಾಸ್, ತಂದೆ): ನಾವು ಇನ್ನೂ ಎಚ್‌1ಬಿ ಕೆಲಸದ ವೀಸಾ, ಮಗ ಅದರ ಡಿಪೆಂಡೆಂಟ್ ವೀಸಾ ಎಚ್4. ಅಣ್ಣನ ಫ್ಯಾಮಿಲಿ ಗ್ರೀನ್ ಕಾರ್ಡ್. ಇಬ್ಬರ ಮಕ್ಕಳೂ ಅಪ್ಲೈ ಮಾಡಬಹುದಾ?

ಉತ್ತರ: ಇದನ್ನ ನಮ್ಮವರು ಮೊದಲೇ ಕೇಳಲ್ಲ, ಕೊನೇಲಿ ಮಗು ಎದೆ ಒಡ್ಕೊಳುತ್ತೆ, ನೀವು ಕೇಳಿದ್ದು ಒಳ್ಳೇದಾಯ್ತು. ಅಕಾಡೆಮಿಗೆ ಸೇರೋ ವರ್ಷದ ಜುಲೈ 1ರ ಹೊತ್ತಿಗೆ ಮಗು ಅಮೆರಿಕನ್ ಸಿಟಿಜನ್ ಆಗಿರಲೇಬೇಕು, ವಯಸ್ಸು ಕನಿಷ್ಠ 17, ಮದುವೆ ಆಗಿರಬಾರದು. ಸಮ್ಮರ್ ಪ್ರೋಗ್ರಾಂ ಅರ್ಜೀಲೂ ಸಿಟಿಜನ್‌ಶಿಪ್ ಕೇಳ್ತಾರೆ. ಎಚ್4 ಮೇಲೆ ಈ ದಾರಿ ಇಲ್ಲ, ಮಾಮೂಲಿ ಕಾಲೇಜಲ್ಲಿ ಓದ್ತಾ ಅಧಿಕಾರಿ ತರಬೇತಿ ಪಡೆಯೋ ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೂ ಸಿಟಿಜನ್ ಆಗಿರಬೇಕು. ಕೇಳೋಕೆ ಕಹಿ, ಆದ್ರೆ 10ನೇ ಕ್ಲಾಸಲ್ಲೇ ಗೊತ್ತಾದ್ರೆ ಮಗು ಬೇರೆ ಕನಸಿಗೂ ಜಾಗ ಮಾಡ್ಕೊಳುತ್ತೆ.

ಅಣ್ಣನ ಮಗುದು ಬೇರೆ ಲೆಕ್ಕ. ಗ್ರೀನ್ ಕಾರ್ಡ್ ಇರೋ ಮಗುಗೆ 18 ತುಂಬೋ ಮೊದಲು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಸಿಟಿಜನ್ ಆಗಿ, ಮಗು ಅವರ ಜೊತೆನೇ ಇಲ್ಲಿ ವಾಸ ಇದ್ರೆ ಮಗುನೂ ತಾನಾಗೇ ಸಿಟಿಜನ್. 18 ದಾಟಿದ್ರೆ ಮಗು ತಾನೇ ಅಪ್ಲೈ ಮಾಡಿ ಕಾಯಬೇಕು. ನಿಮ್ಮಣ್ಣ ಸಿಟಿಜನ್‌ಶಿಪ್ ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕ್ತಾ ಇದ್ರೆ ಇವತ್ತೇ ಫೋನ್ ಮಾಡಿ, ಒಬ್ಬ ಇಮಿಗ್ರೇಷನ್ ಲಾಯರ್ ಹತ್ರ ತಾರೀಖು ಹಾಕಿಸಿ ಲೆಕ್ಕ ಮಾಡಿಸ್ಲಿ.

ಪ್ರಶ್ನೆ (ಅದೇ ತಂದೆ): ಥ್ಯಾಂಕ್ಸ್ ಮೇಡಂ. ಅಣ್ಣ ಕೇಳ್ತಾ ಇದಾನೆ, ಮುಂದೆ ಓಸಿಐಗೆ, ಅದೇ ವಿದೇಶಿ ಸಿಟಿಜನ್ ಆದ ಭಾರತೀಯ ಮೂಲದವರಿಗೆ ಕೊಡೋ ಕಾರ್ಡ್‌ಗೆ, ತೊಂದರೆ ಆಗುತ್ತಾ?

ಉತ್ತರ: ಆಗುತ್ತೆ, ಮುಚ್ಚಿಡೋದು ಬೇಡ. ಬೇರೆ ದೇಶದ ಸೇನೇಲಿ ಇರೋರಿಗೆ, ಇದ್ದು ರಿಟೈರ್ ಆದೋರಿಗೆ ಓಸಿಐ ಕೊಡಲ್ಲ ಅಂತ ಭಾರತ ಸರ್ಕಾರದ ನಿಯಮ. ಈಗಾಗ್ಲೇ ಕಾರ್ಡ್ ಇರೋರು ಕಾನ್ಸುಲೇಟ್‌ಗೆ ಬರೆದು ಉತ್ತರ ತಗೊಂಡು ಇಟ್ಕೊಳಿ. ಸಮ್ಮರ್ ಪ್ರೋಗ್ರಾಂಗೆ ಹೋದ್ರೆ ಸೇನೆ ಸೇರಿದ ಹಾಗಲ್ಲ, ಅಲ್ಲಿ ಯಾವ ಬಾಂಡೂ ಇಲ್ಲ. ಆದ್ರೆ ಅಕಾಡೆಮಿಗೆ ಸೇರಿದ್ಮೇಲೆ ಅಜ್ಜಿ ಊರಿಗೆ ಹೋಗೋಕೂ ವೀಸಾ, ಪರ್ಮಿಷನ್ ಅಂತ ಬರುತ್ತೆ, ಮನೆಯವರೆಲ್ಲ ಕೂತು ಮಾತಾಡಬೇಕಾದ ವಿಷಯ ಇದು.

ಪ್ರಶ್ನೆ (ಕ್ಯಾಲಿಫೋರ್ನಿಯಾ, ತಾಯಿ): ಮಗನಿಗೆ ವೆಸ್ಟ್ ಪಾಯಿಂಟ್ ಸಮ್ಮರ್‌ಗೆ ಆಯ್ಕೆ ಆಗ್ಲಿಲ್ಲ ಅಂತ ಮೇಲ್ ಬಂತು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇಷ್ಟೇ ಅಂತಾನಾ?

ಉತ್ತರ: ಖಂಡಿತ ಅಲ್ಲ. ಆ ಮೇಲ್ ಬೇಸಿಗೆಯ ಒಂದು ವಾರದ್ದು ಅಷ್ಟೇ, ಅಡ್ಮಿಷನ್‌ದಲ್ಲ, ಸೀಟು ಕಡಿಮೆ, ಅರ್ಜಿ ಹಾಕೋರು ಬಹಳ ಜನ. ಇದನ್ನ ಅವನಿಗೆ ಓದಿ ಹೇಳಿ.

ಈಗ ಅವನ ಕೈಲಿರೋ ದೊಡ್ಡ ಕೆಲಸ ನಾಮಿನೇಷನ್. ಕೋಸ್ಟ್ ಗಾರ್ಡ್ ಒಂದಕ್ಕೆ ಬೇಡ, ಉಳಿದ ನಾಲ್ಕಕ್ಕೂ ನಾಮಿನೇಷನ್ ಬೇಕು, ಸಾಮಾನ್ಯವಾಗಿ ನಿಮ್ಮ ಏರಿಯಾದ ಕಾಂಗ್ರೆಸ್ ಮೆಂಬರ್ ಇಲ್ಲಾ ನಿಮ್ಮ ರಾಜ್ಯದ ಇಬ್ಬರು ಸೆನೆಟರ್ ಕೊಡೋದು. ಅದು ಪರಿಚಯದ ಶಿಫಾರಸು ಅಲ್ಲ, ನಮ್ಮೂರ ಎಮ್ಮೆಲ್ಲೆ ಲೆಟರ್ ಥರ ಅಂದ್ಕೋಬೇಡಿ, ಅರ್ಜಿ ಇದೆ, ಪ್ರಬಂಧ ಇದೆ, ಇಂಟರ್‌ವ್ಯೂ ಇದೆ. ಮೂರೂ ಕಡೆ ಬೇರೆ ಬೇರೆ ಅಪ್ಲೈ ಮಾಡಬೇಕು. ಬೇಸಿಗೇಲೇ ಶುರು ಮಾಡ್ಲಿ, ಶಾಲೆ ತೆಗೆದ ಮೇಲೆ ನೋಡ್ತೀನಿ ಅಂದ್ರೆ ಕೆಲವು ಆಫೀಸಲ್ಲಿ ಡೇಟ್ ಹೋಗಿರುತ್ತೆ. ಫೋನ್ ಅವನೇ ಮಾಡ್ಲಿ, ನೀವು ಮಾಡಬೇಡಿ, ಪ್ರಬಂಧಾನೂ ಅವನೇ ಬರೀಲಿ. ಇಂಟರ್‌ವ್ಯೂಲಿ ಕೂತೋರಿಗೆ ಅಪ್ಪ ಅಮ್ಮ ಬರೆದಿದ್ದು ಎರಡೇ ಪ್ರಶ್ನೇಲಿ ಗೊತ್ತಾಗಿಬಿಡುತ್ತೆ.

ಖಾಲಿ ಉಳಿದ ಬೇಸಿಗೆಗೆ ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ನಡೆಸೋ ಬಾಯ್ಸ್ ಸ್ಟೇಟ್ ಅನ್ನೋ ಬೇಸಿಗೆ ಶಿಬಿರ ನೋಡಿ, ಹುಡುಗೀರಿಗೆ ಗರ್ಲ್ಸ್ ಸ್ಟೇಟ್, ಅದೂ 11 ಮುಗಿಸಿದ ಮಕ್ಕಳಿಗೆ, ಅಕಾಡೆಮಿಯವರು ಗೌರವದಿಂದ ನೋಡ್ತಾರೆ. ಶಾಲೆಯಿಂದ ಆರಿಸೋದು, ನಿಮ್ಮ ಕೌನ್ಸೆಲರ್‌ನ ಕೇಳಿ.

ಇನ್ನೊಂದು ಫಿಟ್‌ನೆಸ್ ಟೆಸ್ಟ್, ಸಿಎಫ್‌ಎ ಅಂತಾರೆ. ಮೊಣಕಾಲೂರಿ ಕೂತು ಬ್ಯಾಸ್ಕೆಟ್‌ಬಾಲ್ ಎಸೆಯೋದು, ಪುಲ್‌ಅಪ್, ಶಟಲ್ ರನ್, ಪುಷ್‌ಅಪ್, ಕೊನೇಲಿ ಒಂದು ಮೈಲಿ ಓಟ, ಒಂದರ ಹಿಂದೆ ಒಂದು, ನಡುವೆ ಉಸಿರು ತಗೊಳೋಷ್ಟೇ ಟೈಮ್. ಆ ಎಸೆತದಲ್ಲಿ ಮಕ್ಕಳು ಸೋಲೋದು ಶಕ್ತಿ ಇಲ್ಲದೇ ಅಲ್ಲ, ಯಾವತ್ತೂ ಹಾಗೆ ಎಸೆದು ನೋಡಿರಲ್ಲ ಅಷ್ಟೇ, ಕಾಲಿನ ಬಲ ಸಿಗಲ್ಲ, ಸೊಂಟ ಭುಜದಿಂದಲೇ ಹೋಗಬೇಕು. ಮನೆ ಹಿಂದಿನ ಹುಲ್ಲಲ್ಲಿ ದಿನಾ ಹತ್ತು ಸಲ ಎಸೀಲಿ. ಪುಲ್‌ಅಪ್‌ಗೆ ಬಾಗಿಲಿಗೆ ಒಂದು ಬಾರ್ ಹಾಕಿಸಿ, ನಮ್ಮ ಮಕ್ಕಳು ಅಲ್ಲೇ ಹೆಚ್ಚು ಹಿಂದೆ ಬೀಳೋದು.

ಪ್ರಶ್ನೆ (ಇಲಿನಾಯ್, ತಂದೆ): ಮಗ 9ನೇ ಕ್ಲಾಸು, ಇಡೀ ದಿನ ಗೇಮಿಂಗ್, ಹೇಳಿದ್ ಮಾತು ಕೇಳಲ್ಲ. ಇಂಥ ಕಡೆ ಹಾಕಿದ್ರೆ ಶಿಸ್ತು ಬರುತ್ತೆ ಅಂತ. ಮನೆಗೆ ಒಂದು ಲೀಡರ್‌ಶಿಪ್ ಕ್ಯಾಂಪಿಂದ ಲೆಟರೂ ಬಂದಿದೆ, ನಿಮ್ಮ ಮಗ ಆಯ್ಕೆ ಆಗಿದಾನೆ ಅಂತ, ಫೀಸು ಸಾವಿರಗಟ್ಟಲೆ.

ಉತ್ತರ: ಸರ್, ಅಕಾಡೆಮಿ ಸಮ್ಮರ್ ಪ್ರೋಗ್ರಾಂ ಮಕ್ಕಳನ್ನ ತಿದ್ದೋ ಜಾಗ ಅಲ್ಲ, ತಾವಾಗೇ ಬೆಳಿಗ್ಗೆ ಎದ್ದು ಓಡೋ ಮಕ್ಕಳನ್ನ ಆರಿಸೋ ಜಾಗ. ಅಪ್ಪನ ಬಲವಂತಕ್ಕೆ ಹೋದ ಮಗು ಅಲ್ಲಿ ನರಳುತ್ತೆ. ಆ ಲೆಟರ್ ಬಗ್ಗೆ ಹೇಳೋದಾದ್ರೆ, ಅರ್ಜಿನೇ ಹಾಕದ ಮಗು ಆಯ್ಕೆ ಆಗಿದೆ ಅಂದ್ರೆ ಅದು ಮಾರ್ಕೆಟಿಂಗ್. ಹೆಸರಲ್ಲಿ ಮಿಲಿಟರಿ, ನ್ಯಾಷನಲ್ ಅಂತೆಲ್ಲ ಇದ್ದ ಮಾತ್ರಕ್ಕೆ ಸರ್ಕಾರದ್ದಲ್ಲ, ವೆಬ್‌ಸೈಟ್ ವಿಳಾಸ ಡಾಟ್ ಇಡಿಯು ಇಲ್ಲಾ ಡಾಟ್ ಮಿಲ್ ಅಂತ ಕೊನೆ ಆಗುತ್ತಾ ನೋಡಿ.

9ನೇ ಕ್ಲಾಸಿಗೆ ಒಳ್ಳೇ ದಾರಿ ಬೇರೆ ಇದೆ. ಏರ್ ಫೋರ್ಸ್‌ಗೆ ನೆರವಾಗೋ ಸ್ವಯಂಸೇವಕರ ಸಂಸ್ಥೆ ಸಿವಿಲ್ ಏರ್ ಪಟ್ರೋಲ್‌ನಲ್ಲಿ ಕೆಡೆಟ್ ಆಗಬಹುದು, 12 ವರ್ಷದಿಂದ ಸೇರಿಸ್ಕೋತಾರೆ, ವಾರಕ್ಕೊಮ್ಮೆ ಮೀಟಿಂಗ್, ಬೇಸಿಗೇಲಿ ಎನ್‌ಕ್ಯಾಂಪ್‌ಮೆಂಟ್ ಅನ್ನೋ ತರಬೇತಿ ಶಿಬಿರ, ವಿಮಾನದಲ್ಲಿ ಕೂರಿಸಿ ಹಾರಿಸ್ತಾರೆ. ನೀರು, ಹಡಗು ಇಷ್ಟ ಇದ್ರೆ ನೇವಲ್ ಸೀ ಕೆಡೆಟ್ಸ್. ಎರಡಕ್ಕೂ ಗ್ರೀನ್ ಕಾರ್ಡ್ ಮಕ್ಕಳಿಗೂ ಅವಕಾಶ ಇದೆ. ಅನಾಪೊಲಿಸ್‌ನವರೇ ಚಿಕ್ಕ ಕ್ಲಾಸಿನ ಹೈಸ್ಕೂಲ್ ಮಕ್ಕಳಿಗೆ ಸಮ್ಮರ್ ಸ್ಟೆಮ್ ಅಂತ ಮಾಡ್ತಾರೆ, ಗೇಮಿಂಗ್ ಹುಡುಗನಿಗೆ ರೋಬಾಟು ಕೋಡಿಂಗು ಅಂದ್ರೆ ಕಣ್ಣು ಅರಳಬಹುದು. ಮೊದಲು ಅವನನ್ನೇ ಕೇಳಿ, ನಿನಗೆ ಹೋಗ್ಬೇಕಾ ಅಂತ.

ಪ್ರಶ್ನೆ (ಧಾರವಾಡ): ನಮಸ್ಕಾರ್ರೀ ಅಕ್ಕಾರ, ನಮ್ಮ ತಂಗಿ ನಿಮ್ಮ ಗ್ರೂಪಿಗೆ ಸೇರಿಸ್ಯಾಳ. ನನ್ನ ಮಗಾ ಹತ್ತನೇತ್ತೆ ಅದಾನ, ಎನ್‌ಡಿಎ ಅಂತಾನ. ಇಲ್ಲೆ ಇಂಥಾ ಬ್ಯಾಸಿಗಿ ಕ್ಯಾಂಪ್ ಏನರ ಅದಾವೇನ್ರೀ?

ಉತ್ತರ: ನಮಸ್ಕಾರ ಅಣ್ಣ. ಅಲ್ಲಿ ಅಡ್ಮಿಷನ್ ದಾರಿನೇ ಬೇರೆ. ಎನ್‌ಡಿಎ, ಅಂದ್ರೆ ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿರೋ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋಗೋಕೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತೆ, ಆಮೇಲೆ ಸೇನೆಯ ಆಯ್ಕೆ ಮಂಡಳಿ ಎಸ್‌ಎಸ್‌ಬಿ ಇಂಟರ್‌ವ್ಯೂ, ಆಮೇಲೆ ಮೆಡಿಕಲ್. ಪಿಯುಸಿ ಎರಡನೇ ವರ್ಷ ಓದ್ತಾ ಇರೋವಾಗ್ಲೇ ಬರೀಬಹುದು. ಆರ್ಮಿಗೆ ಯಾವ ವಿಭಾಗ ಓದಿದ್ರೂ ಆಗುತ್ತೆ, ನೇವಿ ಏರ್ ಫೋರ್ಸ್‌ಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕು, ಅದಕ್ಕೇ ಹತ್ತನೇ ಆದ್ಮೇಲೆ ಏನು ತಗೋಬೇಕು ಅನ್ನೋದನ್ನ ಈಗ್ಲೇ ಯೋಚಿಸಿ. ಒಳಗಿನ ರುಚಿ ನೋಡೋಕೆ ಎನ್‌ಸಿಸಿಗಿಂತ ಒಳ್ಳೇದಿಲ್ಲ, ಶಾಲೆ ಕಾಲೇಜಲ್ಲಿ ಯೂನಿಟ್ ಇದ್ರೆ ಸೇರಿಸಿ, ಟೆಂಟಲ್ಲಿ ಮಲಗಿ ಬೆಳಿಗ್ಗೆ ಪರೇಡ್ ಮಾಡೋ ಕ್ಯಾಂಪ್ ಒಂದು ಮಾಡಿ ಬಂದ್ರೆ ಅವನಿಗೇ ಗೊತ್ತಾಗುತ್ತೆ. ವಿಜಯಪುರ, ಕೊಡಗಿನ ಸೈನಿಕ ಶಾಲೆಗೆ ಆರನೇ ಮತ್ತು ಒಂಬತ್ತನೇ ಕ್ಲಾಸಿಗೆ ತಗೊಳೋದು, ಚಿಕ್ಕ ಮಕ್ಕಳಿದ್ರೆ ಅದು ನೋಡಿ. ಹೆಣ್ಣು ಮಕ್ಕಳಿಗೂ 2022ರಿಂದ ಎನ್‌ಡಿಎ ಬಾಗಿಲು ತೆಗೆದಿದೆ.

ಪ್ರಶ್ನೆ (ನಾರ್ತ್ ಕೆರೊಲಿನಾ, ಮೊದಲು ಕೇಳಿದ ತಂದೆ): ಮೇಡಂ ಕೊನೇದು, ಜನವರಿಗೆ ಏನೇನು ರೆಡಿ ಇಟ್ಕೋಬೇಕು? ಅವನಿಗೆ ಚಿಕ್ಕವನಿದ್ದಾಗ ವೀಸಿಂಗ್ ಇತ್ತು, ಅದು ಅಡ್ಡ ಬರುತ್ತಾ?

ಉತ್ತರ: ಕಾಲೇಜು ಪ್ರವೇಶದ ಪರೀಕ್ಷೆ ಎಸ್‌ಎಟಿ ಇಲ್ಲಾ ಅದರ ಅಭ್ಯಾಸ ಪರೀಕ್ಷೆ ಪಿಎಸ್‌ಎಟಿ ಸ್ಕೋರು, ಮಾರ್ಕ್ಸ್ ಟ್ರಾನ್ಸ್‌ಕ್ರಿಪ್ಟ್, ಕ್ಲಾಸ್ ರ‍್ಯಾಂಕ್ ಕೊಡೋ ಶಾಲೆ ಆದ್ರೆ ಅದು, ಸೋಷಿಯಲ್ ಸೆಕ್ಯುರಿಟಿ ನಂಬರು, ಸ್ಪೋರ್ಟ್ಸ್ ಮತ್ತು ಕ್ಲಬ್ ವಿವರ ವರ್ಷದ ಸಮೇತ. ಟೀಮ್ ಸ್ಪೋರ್ಟ್ ಯಾವುದೂ ಇಲ್ದಿದ್ರೆ ಸ್ಪ್ರಿಂಗಲ್ಲಿ ಟ್ರ್ಯಾಕ್ ಟೀಮಿಗೆ ಸೇರ್ಲಿ, ಅಲ್ಲಿ ಸಾಮಾನ್ಯವಾಗಿ ಯಾರನ್ನೂ ವಾಪಸ್ ಕಳಿಸಲ್ಲ. ವೀಸಿಂಗ್ ವಿಷಯದಲ್ಲಿ ಅವರು ಮುಖ್ಯವಾಗಿ ನೋಡೋದು 13ನೇ ಹುಟ್ಟುಹಬ್ಬದ ನಂತರ ಆಸ್ತಮಾ ಇತ್ತಾ, ಇನ್ಹೇಲರ್ ತಗೊಂಡನಾ ಅಂತ. ಅದಕ್ಕೆ ಮುಂಚಿನದಾದ್ರೆ ಹೆದರಬೇಡಿ, ಆಮೇಲಿಂದಾದ್ರೆ ವೇವರ್, ಅಂದ್ರೆ ವಿನಾಯಿತಿ, ಕೇಳೋ ದಾರಿ ಇದೆ. ಏನೇ ಇದ್ರೂ ಮುಚ್ಚಿಡಬೇಡಿ. ಡಾಕ್ಟರ್ ಹತ್ರ ಹಳೇ ರೆಕಾರ್ಡ್ ಈಗ್ಲೇ ತರಿಸ್ಕೊಳಿ, ಕ್ಲಿನಿಕ್ ಬದಲಾಯಿಸಿದ್ರೆ ಅದು ಬರೋಕೇ ಒಂದೆರಡು ತಿಂಗಳು ಹಿಡಿಯುತ್ತೆ.