ಸಹಾಯ ಬೇಕು: ಕೋಬೊ ಕಲೆಕ್ಟ್‌ನಿಂದ ಫಾರ್ಮ್‌ಗಳು ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪಾವಗಡ ಕಡೆಯ ಹಳ್ಳಿಗಳಲ್ಲಿ ನಾವು ಏಳು ಜನ ಬೋರ್‌ವೆಲ್ ಸರ್ವೆ ಮಾಡುತ್ತಿದ್ದೇವೆ. ಈ ಸಲ ಪೇಪರ್ ಬಿಟ್ಟು ಮೊಬೈಲ್‌ನಲ್ಲಿ, ಕೋಬೊ ಕಲೆಕ್ಟ್ ಆ್ಯಪ್‌ನಲ್ಲಿ. ನೆಟ್‌ವರ್ಕ್ ಇಲ್ಲದಿದ್ದರೂ ಫಾರ್ಮ್ ತುಂಬಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸಬಹುದು ಅಂತ ಇದನ್ನೇ ಆರಿಸಿದೆವು.

ತೊಂದರೆ ಶುರುವಾಗಿದ್ದು ಫೋಟೊಗಳಿಂದ. ಪ್ರತಿ ಬೋರ್‌ವೆಲ್‌ಗೆ ಮೂರು ಫೋಟೊ ಕೇಳಿದ್ದೆ, ಸೈಜ್‌ಗೆ ಮಿತಿ ಹಾಕುವುದು ಮರೆತೆ. ತಪ್ಪು ನನ್ನದೇ. ಒಂದೊಂದೂ ನಾಲ್ಕೈದು ಎಂಬಿ ಇದೆ. ಈಗ ಎರಡು ಫೋನ್‌ಗಳಲ್ಲಿ 60ಕ್ಕೂ ಜಾಸ್ತಿ ಫಾರ್ಮ್ ಸಿಕ್ಕಿಹಾಕಿಕೊಂಡಿವೆ. ಅರ್ಧ ಹೋಗಿ ಎರರ್ ಬರುತ್ತದೆ. ಫಾರ್ಮ್ ತಯಾರಿಸುವ ಎಕ್ಸೆಲ್ ಶೀಟ್‌ನಲ್ಲಿ ಮ್ಯಾಕ್ಸ್-ಪಿಕ್ಸೆಲ್ಸ್ 1024 ಅಂತ (ಫೋಟೊ ಸೈಜ್‌ನ ಮಿತಿ) ಸೇರಿಸಿ ಹೊಸ ವರ್ಷನ್ ಬಿಟ್ಟೆ. ಹೊಸ ಫೋಟೊಗಳು ಚಿಕ್ಕದಾಗಿ ಬರುತ್ತಿವೆ, ಹಳೆಯವು ಹಾಗೇ ಇವೆ.

ನಮ್ಮ ಹುಡುಗನೊಬ್ಬ, "ಆ್ಯಪ್ ತೆಗೆದು ಮತ್ತೆ ಹಾಕ್ಲಾ ಅಕ್ಕಾ?" ಅಂದ. ಎದೆ ಝಲ್ಲೆಂದಿತು! ಕಳಿಸದ ಫಾರ್ಮ್ ಎಲ್ಲಾ ಅದರ ಜೊತೆಗೇ ಹೋಗುತ್ತದೆ ಅಲ್ವಾ.

ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ಫಾರ್ಮ್‌ಗಳ ಫೋಲ್ಡರ್ ಕಾಪಿ ಮಾಡಿಕೊಂಡವರು ಯಾರಾದರೂ ಇದ್ದೀರಾ? ಎರಡೂ ಆಂಡ್ರಾಯ್ಡ್ 13. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಆ ಫೋಲ್ಡರ್ ಕಾಣುವುದೇ ಇಲ್ಲ. ಫೋಟೊ ಚಿಕ್ಕದು ಮಾಡಿ ಅದೇ ಹೆಸರಲ್ಲಿ ವಾಪಸ್ ಇಟ್ಟರೆ ಫಾರ್ಮ್ ಹೋಗುತ್ತದಾ?

ಹಾಗೇ ಇನ್ನೊಂದು. ಮರಗಳು ಒತ್ತಾಗಿರುವ ತೋಟದೊಳಗೆ ಜಿಪಿಎಸ್ ತೋರಿಸುವ ಜಾಗದ ತಪ್ಪಿನ ಅಂತರ 5 ಮೀಟರ್‌ಗೆ ಇಳಿಯುತ್ತಿಲ್ಲ, ಬಿಸಿಲಲ್ಲಿ ಸುಮ್ನೆ ನಿಂತಿರಬೇಕು. ಈ ಮಿತಿಯನ್ನು ನೀವು ಎಷ್ಟಕ್ಕೆ ಇಡುತ್ತೀರಿ?

ಆ ಎರಡು ಫೋನ್ ಎರವಲು ತಂದದ್ದು, ಶುಕ್ರವಾರ ವಾಪಸ್ ಕೊಡಬೇಕು. ಗೊತ್ತಿರುವವರು ದಯವಿಟ್ಟು ಬೇಗ ಹೇಳಿ.