ಅಮ್ಮನ ಚರ್ಮದ ಚೀಟಿಯಲ್ಲಿ ‘ಸ್ಟೀರಾಯ್ಡ್ ಮಾಡಿಫೈಡ್’ ಎಂದಿದೆ, ಹಾಗಂದರೆ ಏನು?

ತುಂಗೆಯ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಊರು. ಅಮ್ಮನಿಗೆ 58 ವರ್ಷ, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಈ ಮಳೆಗಾಲ ಶುರುವಾದ ಮೇಲೆ ಸೊಂಟದ ಸುತ್ತ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ದುಂಡಗಿನ ಕಲೆಗಳು ಎದ್ದವು. ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ಹುಳಕಡ್ಡಿ ಇರಬೇಕು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ತುರಿಕೆ ನಿಲ್ಲುತ್ತಿತ್ತು. ಬಿಟ್ಟರೆ ಮತ್ತೆ ಬರುತ್ತಿತ್ತು, ಮೊದಲಿಗಿಂತ ಅಗಲವಾಗಿ. ಈಗ ತೊಡೆ ಸಂದಿಗೂ ಇಳಿದಿದೆ.

ಕೊನೆಗೆ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅಲ್ಲಿ ತುಂಬಾ ರಶ್. “ಫಂಗಸ್ ಅಮ್ಮಾ, ಆ ಟ್ಯೂಬ್ ಇವತ್ತೇ ಬಿಡಿ” ಎಂದು ಇಟ್ರಾಕೊನಜೋಲ್ ಕ್ಯಾಪ್ಸೂಲ್, ಬೇರೆ ಮುಲಾಮು, ರಾತ್ರಿಗೊಂದು ತುರಿಕೆ ಮಾತ್ರೆ ಬರೆದರು. ಚೀಟಿಯಲ್ಲಿ ಇರುವುದು ಹೀಗೆ:

ಮಲ್ಟಿಪಲ್ ಆನ್ಯುಲರ್ ಎರಿತಿಮೆಟಸ್ ಸ್ಕೇಲಿ ಪ್ಲಾಕ್ಸ್ – ವೇಸ್ಟ್, ಗ್ರಾಯಿನ್. ಸೆಂಟ್ರಲ್ ಕ್ಲಿಯರಿಂಗ್ ಪ್ಲಸ್. ಸ್ಟ್ರೈಯೆ ಪ್ಲಸ್. ಫೇಸ್ – ನೋ ಲೀಷನ್ಸ್. ಕೆಓಎಚ್ ಪಾಸಿಟಿವ್. ಟಿ. ಕಾರ್ಪೊರಿಸ್ ಎಟ್ ಕ್ರೂರಿಸ್, ಸ್ಟೀರಾಯ್ಡ್ ಮಾಡಿಫೈಡ್.

ಪಕ್ಕದ ಮನೆಯವರು ‘ಪ್ಲಾಕ್’ ಅಂದರೆ ಹಾರ್ಟಿನಲ್ಲಿ ಕಟ್ಟುವುದು ಅಂದರು. ತಮ್ಮ ಮೊಬೈಲಿನಲ್ಲಿ ‘ಲೀಷನ್’ ಹುಡುಕಿದ, ಬರೀ ಕ್ಯಾನ್ಸರ್ ಚಿತ್ರಗಳು ಬಂದವು. ಅಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬೆಣ್ಣೆದೋಸೆ ಊರಿನವ:

ಅಕ್ಕಾ, ಹೆದರಬೇಡಿ. ನಮ್ಮ ಕಡೆ ಇದಕ್ಕೆ ಗಜಕರ್ಣ ಅಂತಾರೆ. ನಮ್ಮಣ್ಣನಿಗೂ ಆಗಿತ್ತು. ಸೀಮೆ ಅಗಸೆ ಸೊಪ್ಪು ಅರೆದು ನಿಂಬೆರಸ ಬೆರೆಸಿ ಹಚ್ಚಿ ನೋಡಿ. ಊರಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ.

ನಿವೃತ್ತ ಸಿಸ್ಟರ್:

ತಂಗೀ, ಮೊದಲು ಅಮ್ಮನಿಗೆ ಊಟ ಮಾಡಿಸಿ. ಆ ಚೀಟಿಯಲ್ಲಿ ಕ್ಯಾನ್ಸರಿನ ಸುಳಿವೂ ಇಲ್ಲ, ಹಾರ್ಟಿನ ಮಾತೂ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಹೊಸದಾಗಿ ಬಂದ ನರ್ಸಿಂಗ್ ಹುಡುಗಿಯರಿಗೆ ಈ ಚೀಟಿ ಓದಲು ಕಲಿಸುವಾಗ ಒಂದು ಮಾತು ಹೇಳುತ್ತಿದ್ದೆ. ಚರ್ಮದ ಡಾಕ್ಟರು ಮೊದಲು ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ. ಎಷ್ಟಿವೆ, ಯಾವ ಆಕಾರ, ಯಾವ ಬಣ್ಣ, ಮುಟ್ಟಿದರೆ ಹೇಗಿದೆ, ಮೈಮೇಲೆ ಎಲ್ಲಿದೆ. ಕಾಯಿಲೆಯ ಹೆಸರು ಕೊನೆಯ ಸಾಲಿನಲ್ಲಿ ಬರುತ್ತದೆ. ಹಾಗಾಗಿ ಮೇಲಿನ ಸಾಲುಗಳ ಉದ್ದುದ್ದ ಪದ ನೋಡಿ ಯಾರೂ ಗಾಬರಿಯಾಗಬಾರದು. ನೀವು ಅಮ್ಮನ ಸೊಂಟ ನೋಡಿ ಹೇಳುವುದನ್ನೇ ಅವರು ಲ್ಯಾಟಿನ್, ಗ್ರೀಕ್ ಮೂಲದ ಪದಗಳಲ್ಲಿ ಬರೆದಿದ್ದಾರೆ.

‘ಲೀಷನ್’ ಅಂದರೆ ಸುತ್ತಲಿನ ಚರ್ಮಕ್ಕಿಂತ ಬೇರೆಯಾಗಿ ಕಾಣುವ ಯಾವುದೇ ಜಾಗ. ಸೊಳ್ಳೆ ಕಚ್ಚಿದ ಗುರುತೂ ಲೀಷನ್, ಮೊಡವೆಯೂ ಲೀಷನ್. ‘ಫೇಸ್ – ನೋ ಲೀಷನ್ಸ್’ ಅಂದರೆ ಮುಖ ನೋಡಿದೆ, ಅಲ್ಲಿ ಏನೂ ಇಲ್ಲ ಎಂದು. ಒಳ್ಳೆಯ ಡಾಕ್ಟರು, ರಶ್ ಇದ್ದರೂ ಮುಖ ನೋಡಿದ್ದಾರೆ. ಯಾಕೆ ನೋಡಿದರು ಎಂದು ಕೆಳಗೆ ಹೇಳುತ್ತೇನೆ.

‘ಪ್ಲಾಕ್’ ಅಂದರೆ 1 ಸೆಂಟಿಮೀಟರಿಗಿಂತ ಅಗಲ ಇದ್ದು, ಬೆರಳಾಡಿಸಿದರೆ ಉಬ್ಬಿದ್ದು ಗೊತ್ತಾಗುವ ಕಲೆ. ಅದಕ್ಕಿಂತ ಚಿಕ್ಕದಾಗಿ ಉಬ್ಬಿದ್ದರೆ ಪ್ಯಾಪ್ಯೂಲ್. ಉಬ್ಬಿಲ್ಲದೆ ಬರೀ ಬಣ್ಣ ಬದಲಾಗಿದ್ದರೆ ಮ್ಯಾಕ್ಯೂಲ್, ಅದೇ ಅಗಲವಾಗಿದ್ದರೆ ಪ್ಯಾಚ್. ನೀರು ತುಂಬಿದ ಸಣ್ಣ ಗುಳ್ಳೆ ವೆಸಿಕಲ್, ದೊಡ್ಡ ಬೊಕ್ಕೆ ಬುಲ್ಲಾ, ಕೀವು ತುಂಬಿದ್ದು ಪಸ್ಟ್ಯೂಲ್. ನಮ್ಮ ಜನ ಇವೆಲ್ಲಕ್ಕೂ ‘ಗುಳ್ಳೆ’ ಅಂದುಬಿಡುತ್ತಾರೆ. ಪರವಾಗಿಲ್ಲ, ಆದರೆ ಒಳಗೆ ನೀರಿತ್ತಾ ಕೀವಿತ್ತಾ ಎಂದು ನೋಡಿಟ್ಟುಕೊಂಡು ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಹಾರ್ಟಿನ ರಕ್ತನಾಳದ ಪ್ಲಾಕಿಗೂ ಚರ್ಮದ ಪ್ಲಾಕಿಗೂ ಹೆಸರು ಮಾತ್ರ ಒಂದೇ.

‘ವೇಸ್ಟ್, ಗ್ರಾಯಿನ್’ ಅಂದರೆ ಸೊಂಟ, ತೊಡೆ ಸಂದಿ. ‘ಪ್ಲಸ್’ ಅಂದರೆ ಅದು ಇದೆ ಎಂದು. ‘ಆನ್ಯುಲರ್’ ಅಂದರೆ ಉಂಗುರದ ಆಕಾರ. ‘ಸ್ಕೇಲಿ’ ಅಂದರೆ ಹೊಟ್ಟು ಏಳುವುದು. ‘ಸೆಂಟ್ರಲ್ ಕ್ಲಿಯರಿಂಗ್’ ಅಂದರೆ ಅಂಚು ಕೆರಳಿದೆ, ನಡುಭಾಗ ತಿಳಿಯಾಗಿದೆ. ಫಂಗಸ್ ನಡುವಿನಿಂದ ಹೊರಗೆ ಹರಡುತ್ತಾ ಹೋಗುವುದರಿಂದ ಹೀಗಾಗುತ್ತದೆ.

‘ಎರಿತಿಮೆಟಸ್’ ಅಂದರೆ ಕೆಂಪಾದದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚರ್ಮದ ಕಾಯಿಲೆಗಳನ್ನು ಕಣ್ಣಿಗೆ ಕಂಡ ರೂಪದ ಮೇಲೆ ಗುಂಪು ಮಾಡಿ, ಪದಗಳಿಗೆ ಗಟ್ಟಿ ಅರ್ಥ ಕಟ್ಟಿದವರು ಲಂಡನ್ನಿನ ಡಾಕ್ಟರ್ ರಾಬರ್ಟ್ ವಿಲ್ಲನ್. ಅವರ ಪುಸ್ತಕದ ಮೊದಲ ಭಾಗ 1798ರಲ್ಲಿ, ಇಡೀ ಸಂಪುಟ 1808ರಲ್ಲಿ ಬಂತು. ಹುಳಕಡ್ಡಿಗೆ ಫಂಗಸ್ ಕಾರಣ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದಾಗ ಕಣ್ಣನ್ನೇ ನಂಬಬೇಕಲ್ವಾ? ಆದರೆ ಅವರು ಹೆಚ್ಚಾಗಿ ನೋಡಿದ್ದು ಬಿಳಿಯರ ಚರ್ಮ. ಅಲ್ಲಿ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಂದು ಚರ್ಮದಲ್ಲಿ ಅದೇ ಕೆಂಪು ಕಪ್ಪಗೆ, ಕೆಲವರಲ್ಲಿ ನೇರಳೆಯಾಗಿ ಕಾಣುತ್ತದೆ. ಮನೆಯವರು “ಕಪ್ಪಾಗಿದೆ” ಎನ್ನುತ್ತಾರೆ, ಚೀಟಿಯಲ್ಲಿ ಕೆಂಪು ಎಂದಿರುತ್ತದೆ. ಇಬ್ಬರೂ ಹೇಳುತ್ತಿರುವುದು ಒಂದನ್ನೇ.

ಈಗ ಹೆಸರಿನ ಸಾಲು. ‘ಟಿ’ ಅಂದರೆ ಟಿನಿಯಾ, ನಮ್ಮ ಹುಳಕಡ್ಡಿ, ಗಜಕರ್ಣ, ತದ್ದು ಎಲ್ಲ ಅದೇ. ‘ಕಾರ್ಪೊರಿಸ್’ ಮೈಮೇಲಿನದು, ‘ಕ್ರೂರಿಸ್’ ತೊಡೆ ಸಂದಿಯದು, ‘ಎಟ್’ ಅಂದರೆ ಮತ್ತು. ಕ್ರೂರಿಸ್ ಎಂದು ಕೇಳಿ ಕ್ರೂರ ಕಾಯಿಲೆ ಎಂದು ಅತ್ತವರನ್ನು ನಾನು ನೋಡಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಚೀಟಿಯಲ್ಲಿ ನೀವು ಗಮನ ಕೊಡಬೇಕಾದ ಮಾತು ಕೊನೆಯದು, ‘ಸ್ಟೀರಾಯ್ಡ್ ಮಾಡಿಫೈಡ್’. ಅಂದರೆ ಸ್ಟೀರಾಯ್ಡ್ ಹಚ್ಚಿದ್ದರಿಂದ ರೂಪ ಬದಲಾದ ಹುಳಕಡ್ಡಿ. ಮೆಡಿಕಲ್ ಶಾಪಿನ ಆ ಟ್ಯೂಬಿನಲ್ಲಿ ಫಂಗಸ್ ಔಷಧದ ಜೊತೆ ಸ್ಟೀರಾಯ್ಡ್ ಇದ್ದಿರಬೇಕು. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್ ಇಂಥ ಹೆಸರಿದೆಯಾ ನೋಡಿ. ಇದರಲ್ಲಿ ಕ್ಲೊಬೆಟಸಾಲ್ ಅತಿ ಬಲವಾದ ಗುಂಪಿಗೆ ಸೇರಿದ್ದು. ಸ್ಟೀರಾಯ್ಡ್ ಕೆಂಪನ್ನು, ತುರಿಕೆಯನ್ನು ಅಡಗಿಸುತ್ತದೆ. ಫಂಗಸ್ಸಿನ ವಿರುದ್ಧ ಹೋರಾಡಬೇಕಾದ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ಶಾಂತ, ಒಳಗೆ ಹರಡುತ್ತಲೇ ಇರುತ್ತದೆ. ಉಂಗುರದ ಆಕಾರ ಕೆಡುತ್ತದೆ, ಕೆಲವರಲ್ಲಿ ಉಂಗುರದೊಳಗೆ ಇನ್ನೊಂದು ಉಂಗುರ ಮೂಡುತ್ತದೆ. ಆಮೇಲೆ ನೋಡಿದವರಿಗೆ ಇಸುಬೋ ಸೋರಿಯಾಸಿಸ್ಸೋ ಎಂದು ಅನುಮಾನ ಬರುತ್ತದೆ. ಇದಕ್ಕೆ ಟಿನಿಯಾ ಇನ್‌ಕಾಗ್ನಿಟೊ ಎಂಬ ಹೆಸರೂ ಇದೆ, ಮಾರುವೇಷದ ಹುಳಕಡ್ಡಿ. 1968ರಲ್ಲೇ ಇಟ್ಟ ಹೆಸರು. ‘ಸ್ಟ್ರೈಯೆ’ ಅಂದರೆ ಚರ್ಮ ತೆಳ್ಳಗಾಗಿ ಬೀಳುವ ಗೆರೆಗಳು, ಬಸುರಿಯರ ಹೊಟ್ಟೆಯ ಮೇಲೆ ಬೀಳುತ್ತವಲ್ಲ, ಹಾಗೆ. ತೊಡೆ ಸಂದಿಯಲ್ಲಿ ಚರ್ಮ ಮೊದಲೇ ತೆಳು, ಅಲ್ಲಿ ಬೇಗ ಬೀಳುತ್ತವೆ. ಕಾಲ ಕಳೆದಂತೆ ಮಸುಕಾಗಬಹುದು, ಪೂರ್ತಿ ಹೋಗುವುದು ಕಷ್ಟ. ಇಂಥ ಟ್ಯೂಬನ್ನು ಬೆಳ್ಳಗಾಗಲು ಮುಖಕ್ಕೂ ಹಚ್ಚುವವರು ಬಹಳ ಜನ. ಅದಕ್ಕೇ ಡಾಕ್ಟರು ಮುಖ ನೋಡಿದ್ದು.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಮಾಡಿತು. ಆದರೂ ಕೌಂಟರಿನಲ್ಲಿ ‘ಹುಳಕಡ್ಡಿ’ ಅಂದರೆ ಸಾಕು, ಇಂಥ ಟ್ಯೂಬು ಕೈಗೆ ಬರುತ್ತದೆ. ನನಗೆ ಇದು ನಿಜವಾಗಿ ಸಂಕಟದ ವಿಷಯ. ಚಿಕಿತ್ಸೆಗೆ ಬಗ್ಗುವ ಕಾಯಿಲೆಯನ್ನು ನಾವೇ ಹಟಮಾರಿ ಮಾಡುತ್ತಿದ್ದೇವೆ.

ಟ್ಯೂಬ್ ಬಿಟ್ಟ ಮೇಲೆ ಸ್ವಲ್ಪ ದಿನ ತುರಿಕೆ ಜಾಸ್ತಿಯಾಗಬಹುದು. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಅದನ್ನೇ ಮತ್ತೆ ಹಚ್ಚುತ್ತಾರೆ. ಬೆಣ್ಣೆದೋಸೆ ಊರಿನ ತಮ್ಮಾ, ಬೇಸರ ಬೇಡ, ಸ್ಟೀರಾಯ್ಡಿನಿಂದ ತೆಳ್ಳಗಾದ ಚರ್ಮಕ್ಕೆ ನಿಂಬೆರಸ ಹಾಕಿದರೆ ಸುಟ್ಟಂತೆ ಆಗುತ್ತದೆ. ಅದು ಬೇಡವೇ ಬೇಡ.

ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಅಮ್ಮ ದಿನಾ ಗ್ಯಾಸ್ ಮಾತ್ರೆ ನುಂಗುವವರಾದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ಆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಿ.ಪಿ., ಕೊಲೆಸ್ಟ್ರಾಲ್ ಮಾತ್ರೆ ಇದ್ದರೂ, ಹಾರ್ಟಿನ ತೊಂದರೆ ಇದ್ದರೂ ತಪ್ಪದೆ ಹೇಳಿ.

ಸ್ಲೈಡ್ ನೋಡುವವ:

ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ನಾನು ಲ್ಯಾಬ್ ಟೆಕ್ನಿಷಿಯನ್. ಕೆಓಎಚ್ ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕಲೆಯ ಅಂಚಿನಿಂದ ಹೊಟ್ಟು ಕೆರೆದು ಸ್ಲೈಡಿಗೆ ಹಾಕಿ ಅದರ ಹನಿ ಬಿಡುತ್ತೇವೆ. ಚರ್ಮದ ಜೀವಕೋಶಗಳು ಕರಗಿ ತಿಳಿಯಾಗುತ್ತವೆ, ಫಂಗಸ್ಸಿನ ಎಳೆಗಳು ಕವಲೊಡೆದ ದಾರದ ಹಾಗೆ ಉಳಿದು ಕಾಣುತ್ತವೆ. ಕಂಡರೆ ಪಾಸಿಟಿವ್. ನೋವಿಲ್ಲದ ಪರೀಕ್ಷೆ.

ಇದರಲ್ಲಿ ಫಂಗಸ್ ಇದೆಯಾ ಎಂದು ಗೊತ್ತಾಗುತ್ತದೆ, ಯಾವ ಜಾತಿ ಎಂದು ಗೊತ್ತಾಗುವುದಿಲ್ಲ. ಈಗ ನಮ್ಮ ದೇಶದಲ್ಲಿ ಹಟ ಹಿಡಿದ ಒಂದು ಜಾತಿ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಫಂಗಸ್ಸಿಗೆ ಕೊಡುವ ಟರ್ಬಿನಾಫಿನ್ ಮಾತ್ರೆಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಕಲೆ ಮಾಯವಾಯಿತು ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆ ಇದ್ದರೆ ಅವರನ್ನೂ ತೋರಿಸಿ. ಟವೆಲ್ ಬೇರೆ ಬೇರೆ ಇರಲಿ. ಮಲೆನಾಡಿನ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಗೊತ್ತು. ಒಳಲಂಗಕ್ಕೆ ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ ಕೊಡಿ.

ತುಂಗೆಯ ಮಗಳು:

ಸಿಸ್ಟರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಟ್ಯೂಬ್ ನೋಡಿದೆ, ಸಣ್ಣ ಅಕ್ಷರದಲ್ಲಿ ಕ್ಲೊಬೆಟಸಾಲ್ ಎಂದೇ ಇದೆ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. “ಹಂಗಾರೆ ಹುಳಕಡ್ಡಿನೇಯಾ!” ಎಂದು ನಿಟ್ಟುಸಿರು ಬಿಟ್ಟು ಊಟಕ್ಕೆ ಕೂತರು. ಅವರಿಗೆ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ಅಭ್ಯಾಸ. ಮುಂದಿನ ಸಲ ಕೇಳುತ್ತೇನೆ.

ಇನ್ನೊಂದು ವಿಷಯ. ಅಕ್ಕನ ಮಗನಿಗೆ ಏಳು ವರ್ಷ. ಕೆನ್ನೆಯ ಮೇಲೆ ತಿಳಿ ಬಿಳಿ ಕಲೆ ಇದೆ. ಅತ್ತೆ ಮನೆಯಲ್ಲಿ ಒಬ್ಬರು ಹೊಟ್ಟೆಹುಳ ಎನ್ನುತ್ತಾರೆ, ಒಬ್ಬರು ತೊನ್ನು ಎನ್ನುತ್ತಾರೆ. ಅವನ ಚೀಟಿಯಲ್ಲಿ ‘ಹೈಪೊಪಿಗ್ಮೆಂಟೆಡ್ ಪ್ಯಾಚ್, ಸೆನ್ಸೇಷನ್ ಇಂಟ್ಯಾಕ್ಟ್, ಪಿ. ಆಲ್ಬಾ’ ಎಂದಿದೆ.

ನಿವೃತ್ತ ಸಿಸ್ಟರ್:

ಇಲ್ಲೂ ಮೊದಲಿನಂತೆಯೇ ಓದಿ. ‘ಪ್ಯಾಚ್’, ಅಂದರೆ ಉಬ್ಬಿಲ್ಲ. ‘ಹೈಪೊಪಿಗ್ಮೆಂಟೆಡ್’ ಅಂದರೆ ಬಣ್ಣ ಕಡಿಮೆಯಾಗಿದೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಸುಣ್ಣದಂತೆ ಬಿಳಿಯಾಗುತ್ತದೆ, ಆಗ ‘ಡಿಪಿಗ್ಮೆಂಟೆಡ್’ ಎಂದು ಬರೆಯುತ್ತಾರೆ. ಅನುಮಾನ ಇದ್ದರೆ ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದ ಬೆಳಕು ಹಾಯಿಸುತ್ತಾರೆ. ತೊನ್ನಿನ ಕಲೆ ಅದರಲ್ಲಿ ಎದ್ದು ಹೊಳೆಯುತ್ತದೆ.

‘ಸೆನ್ಸೇಷನ್ ಇಂಟ್ಯಾಕ್ಟ್’ ಅಂದರೆ ಮುಟ್ಟಿದ್ದು ಗೊತ್ತಾಗುತ್ತಿದೆ. ಇದನ್ನು ನೋಡುವುದು ಕುಷ್ಠದ ಅನುಮಾನಕ್ಕೆ. ತಿಳಿ ಬಿಳಿ ಅಥವಾ ತಾಮ್ರ ಬಣ್ಣದ, ಸ್ಪರ್ಶ ಗೊತ್ತಾಗದ ಮಚ್ಚೆ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕೇಳುತ್ತಾರಲ್ಲ, ಅದೇ. ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿ ನೋಡುತ್ತಾರೆ. ಆದರೆ ಮುಖದಲ್ಲಿ ನರಗಳು ಜಾಸ್ತಿ, ಕುಷ್ಠ ಇದ್ದರೂ ಅಲ್ಲಿ ಸ್ಪರ್ಶ ಉಳಿದಿರಬಹುದು. ಅದಕ್ಕೆ ಮುಖದ ಮಚ್ಚೆಯನ್ನು ಮನೆಯಲ್ಲೇ ಮುಟ್ಟಿ ನೋಡಿ ಸುಮ್ನೆ ಕೂರಬಾರದು. ನೀವು ಡಾಕ್ಟರಿಗೆ ತೋರಿಸಿದ್ದು ಸರಿಯಾಯಿತು. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಕುಷ್ಠವೇ ಆಗಿದ್ದರೂ ಎದೆಗುಂದಬೇಡಿ. ಬಹು ಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬಗೆ ನೋಡಿ 6 ಅಥವಾ 12 ತಿಂಗಳು. ಪೂರ್ತಿ ವಾಸಿಯಾಗುತ್ತದೆ.

‘ಪಿ. ಆಲ್ಬಾ’ ಅಂದರೆ ಪಿಟಿರಿಯಾಸಿಸ್ ಆಲ್ಬಾ. ಒಣ ಚರ್ಮದ ಮಕ್ಕಳಲ್ಲಿ ಬರುವ ಸೌಮ್ಯವಾದ ಇಸುಬಿನ ಬಗೆ. ಬಿಸಿಲಿಗೆ ಸುತ್ತಲಿನ ಚರ್ಮ ಕಂದಿದಾಗ ಎದ್ದು ಕಾಣುತ್ತದೆ. ಹೊಟ್ಟೆಹುಳಕ್ಕೂ ಇದಕ್ಕೂ ಸಂಬಂಧ ಇಲ್ಲ. ಸ್ನಾನವಾದ ಕೂಡಲೇ ತೇವ ಹಿಡಿದಿಡುವ ಕ್ರೀಮ್ ಹಚ್ಚಲಿ. ಬಣ್ಣ ನಿಧಾನವಾಗಿ ತಾನೇ ಬರುತ್ತದೆ, ತಿಂಗಳುಗಳೇ ಹಿಡಿಯಬಹುದು. ಮತ್ತೆ ತಂಗೀ, ಅಮ್ಮನ ಆ ಟ್ಯೂಬಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಮಗುವಿನ ಕೆನ್ನೆಗೆ ಯಾರೂ ಅದನ್ನು ಹಚ್ಚದಂತೆ ನೋಡಿಕೊಳ್ಳಿ. ಮುಂದಿನ ಸಲ ಹೋಗುವಾಗ ಚೀಟಿಯ ಜೊತೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಆಮೇಲೆ ಬಿಸಾಡಿ.